ಇನ್ನೂರ ಹನ್ನೊಂದು ಜನರ ಪ್ರತಿಭಟನೆ

ಇಪ್ಪತ್ತಾರು ವರ್ಷ ಒಂದೇ ಕೆಲಸ ಮಾಡಿ, ಅದರಲ್ಲಿ ಒಂದು ತಪ್ಪೂ ಮಾಡಿಲ್ಲವೆಂದು ಎದೆ ತಟ್ಟಿ ಹೇಳಬಲ್ಲವರು ಲೋಕದಲ್ಲಿ ಇಬ್ಬರೇ ಇದ್ದರು. ಒಬ್ಬ ಸೂರ್ಯ, ಇನ್ನೊಬ್ಬರು ನಮ್ಮ ಹಾಜರಿ ಗುಮಾಸ್ತರು. ಸೂರ್ಯನಿಗಾದರೂ ಮೋಡದ ದಿನ ಮರೆಯಾಗಿರುವ ಸಬೂಬು ಉಂಟು. ಗುಮಾಸ್ತರಿಗೆ ಅದೂ ಇರಲಿಲ್ಲ.

ಅವರ ಕಾಲೇಜಿನಲ್ಲಿ ಒಂದು ಪದ್ಧತಿ. ತರಗತಿಗೊಮ್ಮೆ ಹಾಜರಿ ಕರೆಯುತ್ತಾ ಕೂತರೆ ಪಾಠಕ್ಕೆ ಹೊತ್ತು ಉಳಿಯುವುದಿಲ್ಲವೆಂದು, ಬೆಳಗಿನ ಮೊದಲ ಗಂಟೆಗೆ ಎಲ್ಲ ವಿದ್ಯಾರ್ಥಿಗಳೂ ದೊಡ್ಡ ಹಾಲಿನಲ್ಲಿ ಸೇರಬೇಕು. ಗುಮಾಸ್ತರು ವೇದಿಕೆಯ ಮೇಲೆ ಕೂತು ಎಲ್ಲರ ಹಾಜರಿ ಒಂದೇ ಸಲ ಕರೆಯಬೇಕು. ಹೆಸರು ಕರೆಯುವಷ್ಟು ವ್ಯವಧಾನವಿಲ್ಲ, ಬರೀ ಸಂಖ್ಯೆ. ಒಂದರಿಂದ ಇನ್ನೂರ ನಲವತ್ತು, ಹನ್ನೊಂದು ನಿಮಿಷ. ಗುಮಾಸ್ತರು ಕೂತೊಡನೆ ಕಣ್ಣು ಮುಚ್ಚಿ ದೇವರನ್ನು ನೆನೆಯುವರು. ಕನ್ನಡಕ ಮೂಗಿಗೇರಿಸುವರು. ಸಾಲಿನ ಕೆಳಗೆ ಮರದ ಅಡಿಕೋಲು ಇಡುವರು. ಆಮೇಲೆ ತಲೆ ಬಗ್ಗಿಸಿದರೆ ಇನ್ನೂರ ನಲವತ್ತು ಮುಗಿಯುವವರೆಗೆ ಎತ್ತುವ ಮಾತಿಲ್ಲ. ತಲೆ ಎತ್ತಿದರೆ ಸಾಲು ತಪ್ಪುತ್ತದೆ. ಸಾಲು ತಪ್ಪಿದರೆ ಒಬ್ಬನ ಹಾಜರಿ ಇನ್ನೊಬ್ಬನ ಪಾಲಾಗುತ್ತದೆ. ಅಂಥ ಪಾಪ ತಮ್ಮ ಕೈಯಿಂದ ಆಗಬಾರದೆಂಬುದು ಅವರ ವ್ರತ. ಹಾಜರಿ ಮುಗಿದ ಮೇಲೆ ಹಿಂದಿನ ಕೋಣೆ ಸೇರಿ ಶೇಕಡಾ ಲೆಕ್ಕ ಹಾಕಲು ಕೂತರೆ ಸಂಜೆಯೇ ಏಳುವುದು. ಹೀಗಾಗಿ ಇಪ್ಪತ್ತಾರು ವರ್ಷದಲ್ಲಿ ಸಾವಿರಾರು ವಿದ್ಯಾರ್ಥಿಗಳನ್ನು ಅವರು ಕೇಳಿದ್ದರು, ನೋಡಿದ್ದು ಕಡಿಮೆ.

ಇಂಥವರ ಬದುಕಿಗೆ ಬೆಳಗಿನ ಏಳೂವರೆ ಬಸ್ಸು ನಿಂತುಹೋದದ್ದರಿಂದ ಏನೂ ಆಗಬೇಕಾಗಿರಲಿಲ್ಲ. ಅವರು ಕಾಲೇಜಿಗೆ ನಡೆದೇ ಹೋಗುವವರು. ಆದರೆ ಆ ಬಸ್ಸಿನ ದಾರಿಯಲ್ಲಿ, ಪಟ್ಟಣಕ್ಕೆ ಎಂಟು ಕಿಲೋಮೀಟರ್ ಮೊದಲು, ಅವರ ತಂಗಿಯ ಮನೆ ಇತ್ತು. ತಂಗಿಯ ಗಂಡನದು ಹಿಟ್ಟಿನ ಗಿರಣಿ. ಒಬ್ಬಳೇ ಮಗಳು. ಇದೇ ಕಾಲೇಜಿನಲ್ಲಿ ಎರಡನೆಯ ವರ್ಷ, ಹಾಜರಿ ಸಂಖ್ಯೆ ನೂರ ನಲವತ್ತೇಳು. ಅವಳನ್ನು ಓದಿಗೆ ಹಾಕಿಸಲು ಗುಮಾಸ್ತರು ಮೂರು ಭಾನುವಾರ ಭಾವಮೈದುನನ ಬಾಗಿಲು ಕಾದಿದ್ದರು. ಈಗ ಬಸ್ಸು ನಿಂತ ವಾರವೇ ಗಿರಣಿಯವನು ಹೇಳಿಕಳಿಸಿದ್ದ: "ತಿಂಗಳು ಮುಗಿಯೋದ್ರೊಳಗೆ ಬಸ್ ಬಂದ್ರೆ ಓದಲಿ. ಇಲ್ದಿದ್ರೆ ಗಿರಣಿ ನೋಡ್ಕೊಳ್ಳಲಿ. ನನಗೂ ಸೊಂಟ ನೋವು."

ತಿಂಗಳು ಮುಗಿಯಲು ಇನ್ನು ಐದೇ ದಿನ ಇತ್ತು. ಗುಮಾಸ್ತರಿಗೆ ಇದ್ದದ್ದು ಒಂದೇ ಸಮಾಧಾನ. ಬಸ್ಸಿಲ್ಲದ ಇಷ್ಟು ದಿನದಲ್ಲಿ ಹುಡುಗಿ ಒಂದು ದಿನವೂ ತಪ್ಪಿಸಿರಲಿಲ್ಲ. ಹಾಜರಿ ಪುಸ್ತಕವೇ ಅದಕ್ಕೆ ಸಾಕ್ಷಿ.

"ನೋಡೇ, ಎಂಟು ಕಿಲೋಮೀಟರು!" ಎಂದು ಅವರು ಹೆಂಡತಿಗೆ ಹೇಳುತ್ತಿದ್ದರು. "ನಡ್ಕೊಂಡು ಬರ್ತಾಳೋ, ಹಾಲಿನ ವ್ಯಾನ್ ಹತ್ತಿ ಬರ್ತಾಳೋ, ಆ ದೇವರಿಗೇ ಗೊತ್ತು. ನೂರ ನಲವತ್ತೇಳು ಅಂದ ತಕ್ಷಣ, ಪ್ರೆಸೆಂಟ್!"

"ಅದು ಸರಿ. ಮೊದಲೆಲ್ಲ ಮಧ್ಯಾಹ್ನ ಊಟಕ್ಕೆ ಇಲ್ಲಿಗೇ ಬರೋಳು. ಬಸ್ ನಿಂತ ಮೇಲೆ ಈ ಕಡೆ ತಲೇನೇ ಹಾಕಿಲ್ವಲ್ಲ?"

"ಓದಿನ ಮೇಲೆ ಗಮನ ಕಣೇ."

"ಓದಿದ್ರೆ ಹೊಟ್ಟೆ ತುಂಬುತ್ತಾ?"

"ನಿನಗೆ ಯಾವಾಗ್ಲೂ ಊಟದ್ದೇ ಯೋಚನೆ," ಎಂದು ಗುಮಾಸ್ತರು ಆ ಮಾತನ್ನು ಅಲ್ಲಿಗೇ ಮುಗಿಸಿದರು. ತಂಗಿಗೆ ಫೋನು ಮಾಡಿದಾಗ ಅವಳೂ "ಹೇಗೋ ನಡೀತಿದೆ ಅಣ್ಣಾ" ಎಂದಿದ್ದಳು. ನಡೆಯುತ್ತಿರುವುದು ಏನು ಎಂದು ಕೇಳಬೇಕೆಂದು ಅವರಿಗೆ ತೋಚಲಿಲ್ಲ.

ಹೀಗಿರುವಾಗ ಅವರು ಕ್ಷೌರಕ್ಕೆ ಹೋದರು. ಕತ್ತಿನ ಮೇಲೆ ಕತ್ತಿ ಇರುವಾಗ ಬುದ್ಧಿವಂತರು ಮಾತಾಡುವುದಿಲ್ಲ. ಆದರೆ ಕಟಿಂಗ್ ಅಂಗಡಿಯವನು ಮಾತಾಡಿಸದೆ ಬಿಡುವವನಲ್ಲ.

"ಬೆಳಗ್ಗೆ ಬಸ್ ನಿಂತು ತಿಂಗಳಾಗ್ತಾ ಬಂತಲ್ಲ ಸಾರ್. ಕಾಲೇಜು ಹುಡುಗರು ಸುಮ್ನೆ ಕೂತವರಲ್ಲ! ನಾವಾಗಿದ್ರೆ ಡಿಪೋ ಮುಂದೆ ಹೋಗಿ ಕೂತುಬಿಡ್ತಿದ್ವಿ."

"ಕರೆಯೋರು ಬೇಕಲ್ಲಪ್ಪ."

"ನೀವೇ ಕರೀಬಹುದಿತ್ತು..." ಎಂದವನು ಕನ್ನಡಿಯಲ್ಲಿ ಗುಮಾಸ್ತರನ್ನು ಒಮ್ಮೆ ಅಳೆದು ನೋಡಿ, "ಹೋಗ್ಲಿ ಬಿಡಿ. ಗುಮಾಸ್ತರು ಕರೆದ್ರೆ ಯಾರು ಬರ್ತಾರೆ," ಎಂದ.

ಗುಮಾಸ್ತರು ಅರ್ಧ ಮುಖದ ನೊರೆಯೊಂದಿಗೆ ಎದ್ದು ಕೂತರು. "ಏನಯ್ಯಾ ಅಂದೆ? ನಾನು ಕರೆದ್ರೆ ಯಾರು ಬರ್ತಾರಾ? ದಿನಾ ಬೆಳಗ್ಗೆ ನಾನು ಕರೆದ್ರೆ ಇನ್ನೂರು ಜನ ಓಗೊಡ್ತಾರೆ, ಇನ್ನೂರು! ನಮ್ಮ ಪ್ರಿನ್ಸಿಪಾಲರು ಕರೆದ್ರೆ ಇಬ್ಬರು ತಿರುಗಿ ನೋಡಲ್ಲ, ತಿಳ್ಕೋ!"

"ಹಂಗಾದ್ರೆ ಡಿಪೋ ಮುಂದೆ ಕರೀರಿ ನೋಡೋಣ."

"ಕರೀತೀನಿ. ನಾಳಿದ್ದೇ ಕರೀತೀನಿ!"

ಮಾತು ಆಡಿದರೆ ಹೋಯಿತು. ಅದರಲ್ಲೂ ಕಟಿಂಗ್ ಅಂಗಡಿಯಲ್ಲಿ ಆಡಿದರೆ ಊರಿಗೇ ಹೋಯಿತು. ಬೆಳಿಗ್ಗೆ ಇನ್ನೂರು ಇದ್ದದ್ದು ಮಧ್ಯಾಹ್ನಕ್ಕೆ ಐನೂರಾಯಿತು. ಸಂಜೆ ಗಡ್ಡ ತೆಗೆಸಿಕೊಳ್ಳಲು ಅದೇ ಕುರ್ಚಿಯಲ್ಲಿ ಬಂದು ಕೂತವರು ಸಾಕ್ಷಾತ್ ಡಿಪೋ ಮ್ಯಾನೇಜರರು. ಅವರ ಕಿವಿಗೆ ಬೀಳುವ ಹೊತ್ತಿಗೆ ಅದು ಎರಡು ಸಾವಿರ ವಿದ್ಯಾರ್ಥಿಗಳೂ ಒಬ್ಬ ಭಯಂಕರ ಮುಂದಾಳೂ ಆಗಿತ್ತು. ಅವರು ಒಂದು ಕೆನ್ನೆ ಮಾತ್ರ ಬೋಳಿಸಿಕೊಂಡು ಎದ್ದು ಹೋದರಂತೆ.

ಗುಮಾಸ್ತರು ಮರುದಿನ ಪ್ರಾಂಶುಪಾಲರ ಕೋಣೆಗೆ ಹೋಗಿ ವಿಷಯ ಹೇಳಿದಾಗ ಪ್ರಾಂಶುಪಾಲರ ಕೈಯಿಂದ ಪೆನ್ನು ಜಾರಿತು. ಇಪ್ಪತ್ತಾರು ವರ್ಷದಲ್ಲಿ ಈ ಮನುಷ್ಯ ಆ ಕೋಣೆಗೆ ಬಂದು ಕೇಳಿದ್ದು ಮಸಿ ಮತ್ತು ಗುಂಡುಸೂಜಿ ಮಾತ್ರ.

"ಪ್ರತಿಭಟನೆ? ನೀವಾ?"

"ಬಸ್ಸಿಗೋಸ್ಕರ ಸಾರ್."

"ಕಾಲೇಜಿನ ಹೊತ್ತಲ್ಲಿ ಯಾರು ಪ್ರತಿಭಟನೆಗೆ ಹೋದ್ರೂ ಅವರಿಗೆ ಗೈರು ಹಾಕಿ. ಅಷ್ಟೇ."

ಗುಮಾಸ್ತರು ಅಲ್ಲೇ ನಿಂತು ಯೋಚಿಸಿದರು. ಗೈರು ಹಾಕುವವರು ತಾವೇ. ತಾವೂ ಪ್ರತಿಭಟನೆಯಲ್ಲಿದ್ದರೆ ಗೈರು ಹಾಕುವುದು ಯಾರು? ಎಲ್ಲಿ ಕೂತು ಹಾಕುವುದು? ಯೋಚನೆ ಈ ತಿರುವಿಗೆ ಬಂದಾಗ ಅವರ ಮುಖ ಬೆಳಗಿತು.

"ಸಾರ್, ಹಾಜರೀನೇ ಡಿಪೋ ಮುಂದೆ ತಗೊಂಡ್ರೆ?"

ಪ್ರಾಂಶುಪಾಲರು ನಿಯಮದ ಪುಸ್ತಕ ತೆಗೆದರು. ಹಾಜರಿಯನ್ನು ಎಂಟೂವರೆಗೆ ತೆಗೆದುಕೊಳ್ಳತಕ್ಕದ್ದು ಎಂದಿತ್ತು. ಯಾರು ತೆಗೆದುಕೊಳ್ಳಬೇಕು ಎಂದಿತ್ತು. ಯಾವ ಬಣ್ಣದ ಮಸಿ ಎಂದೂ ಇತ್ತು. ಎಲ್ಲಿ ಎಂಬುದು ಮಾತ್ರ ಇರಲಿಲ್ಲ. ಪುಟದ ಹಿಂಬದಿಯನ್ನೂ ತಿರುಗಿಸಿ ನೋಡಿದರು.

"ನೋಡಿ ಗುಮಾಸ್ತರೇ," ಎಂದರು ಕೊನೆಗೆ. "ನೀವು ಇದನ್ನ ಹೇಳಿಲ್ಲ. ನಾನು ಕೇಳಿಲ್ಲ. ಈ ಕುರ್ಚಿ ಮೇಲೆ ಈಗ ನಾನು ಕೂತೇ ಇಲ್ಲ."

ಅಂದು ಸೂಚನಾ ಫಲಕದ ಮೇಲೆ ಗುಮಾಸ್ತರ ದುಂಡು ಅಕ್ಷರದಲ್ಲಿ ಒಂದು ಚೀಟಿ ಬಿತ್ತು: "ನಾಳೆಯ ಹಾಜರಿಯನ್ನು ಬಸ್ ಡಿಪೋದ ಗೇಟಿನ ಮುಂದೆ ತೆಗೆದುಕೊಳ್ಳಲಾಗುವುದು. ಬಾರದವರಿಗೆ ಗೈರು." ಘೋಷಣೆ, ಬಾವುಟ, ಭಾಷಣ, ಇದಾವುದರ ಯೋಚನೆಯೂ ಅವರಿಗೆ ಬಂದಿರಲಿಲ್ಲ. ಹಾಜರಿ ಪುಸ್ತಕ ಎಲ್ಲಿಗೆ ಹೋಗುತ್ತದೋ ವಿದ್ಯಾರ್ಥಿಗಳೂ ಅಲ್ಲಿಗೇ ಹೋಗುತ್ತಾರೆ. ವಿದ್ಯಾರ್ಥಿಗಳು ಹೋದ ಮೇಲೆ ಪ್ರತಿಭಟನೆ ತಾನೇ ಆಗುತ್ತದೆ. ಇದು ಅವರ ನಂಬಿಕೆ.

ಸಂಜೆ ಮನೆಯ ಮುಂದೆ ಪೊಲೀಸ್ ಜೀಪು ನಿಂತಿತು. ಸಬ್ ಇನ್ಸ್‌ಪೆಕ್ಟರರೇ ಇಳಿದು ಬಂದರು. ಎದುರು ಮನೆಯ ಕಿಟಕಿಗಳೆಲ್ಲ ಒಟ್ಟಿಗೆ ತೆರೆದವು.

"ಇಲ್ಲಿ ವಿದ್ಯಾರ್ಥಿ ಮುಂದಾಳು ಯಾರಮ್ಮಾ?"

"ಈ ಮನೇಲಿ ವಿದ್ಯಾರ್ಥಿಗಳೇ ಇಲ್ಲ ಸಾರ್," ಎಂದರು ಗುಮಾಸ್ತರ ಹೆಂಡತಿ. "ನಾನು, ನಮ್ಮೆಜಮಾನರು, ಇಬ್ರೇ."

"ಎರಡು ಸಾವಿರ ಜನ ಕರ್ಕೊಂಡು ನಾಳೆ ಡಿಪೋಗೆ ಮುತ್ತಿಗೆ ಹಾಕ್ತಾರಂತಲ್ಲ, ಅವರು."

ಆಕೆ ಹಿಂದಿರುಗಿ ನೋಡಿದರು. ಗುಮಾಸ್ತರು ಬನಿಯನ್ನಿನಲ್ಲಿ ನಿಂತು ಬಿಸಿನೀರಿನ ಬಕೆಟ್ಟಿಗೆ ಬೆರಳದ್ದಿ ಪರೀಕ್ಷಿಸುತ್ತಿದ್ದರು.

"ಇವರಾ?" ಎಂದು ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಸಾರ್, ಕಿಟಕಿ ತೆಗೀಬೇಕಾದ್ರೂ ನನ್ನ ಕೇಳ್ತಾರೆ ಇವರು! ಏನ್ರೀ, ಏನು ಮಾಡ್ಕೊಂಡ್ರಿ?"

"ನಾನೇನೂ ಮಾಡಿಲ್ಲ ಕಣೇ. ಬರೀ ಹಾಜರಿ."

"ಹಾಜರಿ ಅಂದ್ರೆ?" ಎಂದರು ಸಬ್ ಇನ್ಸ್‌ಪೆಕ್ಟರರು, ನೋಟುಪುಸ್ತಕ ತೆರೆದು. ಅದು ಯಾವುದೋ ಗುಟ್ಟಿನ ಮಾತಿರಬೇಕೆಂದು ಅವರಿಗೆ ಖಾತ್ರಿಯಾಗಿತ್ತು.

"ಕೂಗ್ತೀನಿ ಸಾರ್. ಅವರು ಓಗೊಡ್ತಾರೆ. ಆಮೇಲೆ ಗುರುತು ಹಾಕ್ತೀನಿ."

"ಯಾರಿಗೆ ಗುರುತು ಹಾಕ್ತೀರಿ?"

"ಬಂದವರಿಗೆಲ್ಲ."

ಸಬ್ ಇನ್ಸ್‌ಪೆಕ್ಟರರು ಇದನ್ನು ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದು, "ನಾಳೆ ನಾನೂ ಅಲ್ಲೇ ಇರ್ತೀನಿ" ಎಂದು ಹೋದರು. ಹೆಂಡತಿ ಅಂದು ಗಂಡನನ್ನು ಎರಡು ಮೂರು ಸಲ ಬೇರೆ ಬೇರೆ ಕಡೆಯಿಂದ ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿದ್ದು ಯಾರ ಜೊತೆ ಎಂಬ ಅನುಮಾನ ಬಂದಂತಿತ್ತು.

ಮರುದಿನ ಎಂಟಕ್ಕೇ ಗುಮಾಸ್ತರ ಮೇಜು, ಕುರ್ಚಿ ಕೈಗಾಡಿಯಲ್ಲಿ ಡಿಪೋದ ಮುಂದೆ ಬಂದಿಳಿದವು. ಡಿಪೋದ ಸುತ್ತ ಆಳೆತ್ತರದ ಗೋಡೆ. ಕಬ್ಬಿಣದ ತಗಡಿನ ಗೇಟು ಒಳಗಿನಿಂದ ಭದ್ರವಾಗಿ ಚಿಲಕ ಹಾಕಿಕೊಂಡಿತ್ತು. ಗೇಟಿಗೆ ಒಳಗಿನಿಂದ ಒಂದು ಬಸ್ಸನ್ನೇ ಅಡ್ಡ ನಿಲ್ಲಿಸಿ, ಮ್ಯಾನೇಜರರು ತಮ್ಮ ಕೋಣೆಯ ಕಿಟಕಿಗೆ ರಟ್ಟು ಒತ್ತಿ ಕೂತಿದ್ದರು. ಅವರಿಗೆ ಹೊರಗಿನದು ಏನೂ ಕಾಣುವಂತಿರಲಿಲ್ಲ, ಎಲ್ಲ ಕೇಳುತ್ತಿತ್ತು.

ಗುಮಾಸ್ತರು ಕೂತರು. ಕಣ್ಣು ಮುಚ್ಚಿ ದೇವರನ್ನು ನೆನೆದರು. ಕನ್ನಡಕ, ಅಡಿಕೋಲು. ತಲೆ ಬಗ್ಗಿತು.

"ಒಂದು!"

"ಪ್ರೆಸೆಂಟ್ ಸಾರ್."

"ಎರಡು!"

"ಪ್ರೆಸೆಂಟ್ ಸಾರ್!"

ಬದಿಯಲ್ಲಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರರು ಐವತ್ತರವರೆಗೆ ಸುಮ್ಮನಿದ್ದರು. ಅರವತ್ತಕ್ಕೆ ಟೋಪಿ ತೆಗೆದು ತಲೆ ಕೆರೆದುಕೊಂಡರು. ಎಂಬತ್ತಕ್ಕೆ ಪೇದೆಯ ಕಿವಿಯಲ್ಲಿ, "ಏನ್ರೀ ಇದು? ಕೇಳಿಸ್ತಿರೋದು ಒಂದು ಸೈನ್ಯ, ಕಾಣಿಸ್ತಿರೋದು ಒಂದು ಮದುವೆ ಮನೆಯ ಮಿಕ್ಕ ಜನ!" ಎಂದರು.

"ಗೋಡೆ ಹಿಂದೆ ಇರಬೇಕು ಸಾರ್ ಉಳಿದೋರು."

ಪೇದೆ ಗೋಡೆಯ ಸುತ್ತ ಓಡಿ ಬಂದ. "ಒಂದು ಮೇಕೆ ಇದೆ ಸಾರ್, ಅಷ್ಟೇ," ಎಂದ.

ಒಳಗೆ ಮ್ಯಾನೇಜರರು ಒಂದೊಂದು ಓಗೊಡುವಿಕೆಗೂ ಒಂದೊಂದು ಗೀಟು ಎಳೆಯುತ್ತಿದ್ದರಂತೆ. ನೂರು ಗೀಟಾದಾಗ ನೀರು ಕುಡಿದರು. ಎಂಥ ಶಿಸ್ತಿನ ಪಡೆ! ಕಲ್ಲಿಲ್ಲ, ಕೂಗಾಟವಿಲ್ಲ, ಒಬ್ಬೊಬ್ಬರಾಗಿ ಹಾಜರಿ ಒಪ್ಪಿಸುತ್ತಿದ್ದಾರೆ. ಇಂಥವರಿಗೆ ಹೆದರಬೇಕು ಎಂದು ಅವರಿಗೆ ಬೆವರಿತು.

"ನೂರ ನಲವತ್ತೇಳು!" ಎಂದರು ಗುಮಾಸ್ತರು.

"ಪ್ರೆಸೆಂಟ್ ಸಾರ್," ಎಂದಿತು ಒಂದು ದನಿ.

ಹಾಲಿನಲ್ಲಾದರೆ ಎಲ್ಲ ದನಿಯೂ ಚಾವಣಿಗೆ ಬಡಿದು, ಒಂದರಲ್ಲೊಂದು ಕಲಸಿಹೋಗಿ ಬರುತ್ತಿತ್ತು. ಇಲ್ಲಿ ಬಯಲು. ಆ ದನಿ ಅವರ ಎಡಗಿವಿಯಿಂದ ಎರಡೇ ಮೊಳ ದೂರದಿಂದ ಬಂತು. ಬಾವಿಯೊಳಗೆ ಕೊಡ ಬಿದ್ದಂಥ ದನಿ. ಗುಮಾಸ್ತರ ತಂಗಿಯ ಮಗಳದು ಗುಬ್ಬಚ್ಚಿಯ ಕಂಠ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಹಾಜರಿಯ ನಡುವೆ, ಗುಮಾಸ್ತರು ತಲೆ ಎತ್ತಿದರು.

ಎದುರಿಗೆ ಭುಜದಗಲದ ಮೀಸೆಯ ಒಬ್ಬ ತರುಣ ನಿಂತಿದ್ದ. ಗೆಳೆಯರು ಅವನನ್ನು ನಗಾರಿ ಎನ್ನುತ್ತಿದ್ದರು. ಅವನ ಹಿಂದೆ ಹರಡಿಕೊಂಡಂತೆ ಒಂದಷ್ಟು ಹುಡುಗರು, ಹುಡುಗಿಯರು. ಅದರ ಹಿಂದೆ ಖಾಲಿ ರಸ್ತೆ.

ಗುಮಾಸ್ತರ ಬಾಯಿ ತೆರೆಯಿತು. ಆದರೆ ಅಷ್ಟು ವರ್ಷದ ಅಭ್ಯಾಸ. ಬಂದದ್ದು "ನೂರ ನಲವತ್ತೆಂಟು" ಎಂಬ ಮಾತೇ. ನಡುವೆ ನಿಲ್ಲಿಸುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಅವರು ಕರೆಯುತ್ತಾ ಹೋದರು, ಕಣ್ಣೆದುರೇ ನೋಡುತ್ತಾ ಹೋದರು. ಒಬ್ಬ ಹುಡುಗ ಮೂಗು ಹಿಡಿದುಕೊಂಡು ಇನ್ನೂರ ಒಂದಾದ. ಮೂಗು ಬಿಟ್ಟು ಇನ್ನೂರ ಎರಡಾದ. ಎರಡು ಜಡೆಯ ಒಬ್ಬ ಹುಡುಗಿ, ನಿಂತ ಕಾಲಲ್ಲೇ, ಹನ್ನೊಂದು ಬೇರೆ ಬೇರೆ ಕಂಠದಲ್ಲಿ ಹನ್ನೊಂದು ಹುಡುಗಿಯರಾದಳು; ಅದರಲ್ಲಿ ಒಬ್ಬಳಿಗೆ ನೆಗಡಿ ಕೂಡ ಇತ್ತು. ಕೈ ತನ್ನಷ್ಟಕ್ಕೆ ಗುರುತು ಹಾಕುತ್ತಿತ್ತು. ಮುಗಿದ ಮೇಲೆ ವಾಡಿಕೆಯಂತೆ ಬಾಯಿಯೂ ತನ್ನಷ್ಟಕ್ಕೆ ಘೋಷಿಸಿತು: "ಹಾಜರು ಇನ್ನೂರ ಹನ್ನೊಂದು! ಗೈರು ಇಪ್ಪತ್ತೊಂಬತ್ತು!"

"ಇಲ್ಲಿರೋದು ಮೂವತ್ತೆಂಟು," ಎಂದ ಪೇದೆ.

ಗುಮಾಸ್ತರು ನಗಾರಿಯನ್ನು ಹತ್ತಿರ ಕರೆದರು.

"ನೂರ ನಲವತ್ತೇಳು ನೀನೇನಪ್ಪಾ?"

"ಅಲ್ಲ ಸಾರ್. ನಾನು ಅರವತ್ತೆರಡು."

"ಮತ್ತೆ ನೀನು ಯಾಕೆ ಓಗೊಟ್ಟೆ? ನೀನು ನನ್ನ ತಂಗಿ ಮಗಳೇನೋ?"

"ಇವನು ನಿಮ್ಮ ತಂಗಿ ಮಗಳಾ?" ಎಂದರು ಸಬ್ ಇನ್ಸ್‌ಪೆಕ್ಟರರು, ಮೀಸೆಯನ್ನು ನೋಡುತ್ತಾ. ಅಂದು ಬೆಳಗ್ಗೆಯಿಂದ ಅವರಿಗೆ ಯಾವುದೂ ಅಸಾಧ್ಯವೆನಿಸುತ್ತಿರಲಿಲ್ಲ.

"ಪ್ರಾಕ್ಸಿ ಸಾರ್," ಎಂದ ನಗಾರಿ ತಲೆ ತಗ್ಗಿಸಿ. "ಅವರು ನನ್ನ ಪಾಲಿಗೆ ಬಂದಿದಾರೆ. ಬಸ್ ನಿಂತ ದಿನದಿಂದ ಬಂದಿಲ್ಲ ಅವರು. ಗಿರಣೀಲಿ ಕೂತಿದಾರಂತೆ."

"ಇಪ್ಪತ್ನಾಲ್ಕು ದಿನ?"

"ಇಪ್ಪತ್ನಾಲ್ಕೂ ದಿನ ನಾನೇ ಸಾರ್. ಒಂದು ದಿನಾನೂ ತಪ್ಪಿಸಿಲ್ಲ. ಜ್ವರ ಬಂದಿತ್ತು, ಆಗಲೂ ಕಂಬಳಿ ಹೊದ್ಕೊಂಡು ಬಂದಿದ್ದೆ. ಬಸ್ಸಿಲ್ದೆ ಎಪ್ಪತ್ತು ಜನ ಬರ್ತಿಲ್ಲ ಸಾರ್. ಅವರ ವರ್ಷ ಹಾಳಾಗಬಾರದು ಅಂತ ನಾವು ಹಂಚ್ಕೊಂಡ್ವಿ."

"ಎಪ್ಪತ್ತು! ಉಳಿದ ನೂರು ಜನ?"

"ಅವರು... ಮಲಗಿದಾರೆ ಸಾರ್."

"ಈ ಇಪ್ಪತ್ತೊಂಬತ್ತು ಗೈರು?"

"ದಿನಾ ಎಲ್ಲರೂ ಬಂದ್ರೆ ನಿಮಗೆ ಅನುಮಾನ ಬರುತ್ತಲ್ಲ ಸಾರ್. ಸರದಿ ಮೇಲೆ ಬಿಡ್ತೀವಿ. ನೂರ ನಲವತ್ತೇಳನ್ನ ಮಾತ್ರ ಬಿಡಲ್ಲ. ನಿಮಗೆ ಬೇಜಾರಾಗುತ್ತೆ ಅಂತ."

ಗುಮಾಸ್ತರ ದನಿ ಸಣ್ಣಗಾಯಿತು. "ಇದು ಯಾವಾಗಿಂದಪ್ಪಾ?"

"ನಮ್ಮ ಹಿರಿಯರಿಂದ ಬಂದದ್ದು ಸಾರ್. ಪ್ರತಿ ವರ್ಷ ಹೊಸಬರಿಗೆ ಕಲಿಸಿ ಹೋಗ್ತಾರೆ."

ಗುಮಾಸ್ತರು ಪುಸ್ತಕದ ಮೇಲೆ ಎರಡೂ ಕೈ ಇಟ್ಟು ಕೂತುಬಿಟ್ಟರು. ಇಲ್ಲದವರನ್ನು ಕರೆದಾಗ ಯಾರಾದರೂ ಓಗೊಟ್ಟಾರು ಎಂದು ಎಷ್ಟೋ ಮನೆಗಳಲ್ಲಿ ಕಾದು ಕೂತವರಿದ್ದಾರೆ. ಅವರಿಗೆ ಭಗವಂತ ಆ ಭಾಗ್ಯ ಕೊಡಲಿಲ್ಲ. ಇವರಿಗೆ ಕೇಳದೆಯೇ ಇಪ್ಪತ್ತಾರು ವರ್ಷ ಕೊಟ್ಟಿದ್ದ. ಇಷ್ಟಾಗಿಯೂ ಗುಮಾಸ್ತರ ಮನಸ್ಸಿನಲ್ಲಿ ಸುತ್ತುತ್ತಿದ್ದದ್ದು ಆ ಇಪ್ಪತ್ತಾರು ವರ್ಷ ಅಲ್ಲ. ಇಪ್ಪತ್ನಾಲ್ಕು ದಿನದಿಂದ ಹುಡುಗಿ ಗಿರಣಿಯಲ್ಲಿ ಕೂತಿದ್ದಳು. ತಾವು ಪ್ರತಿದಿನ ಅವಳಿಗೆ ಕೆಂಪು ಮಸಿಯಲ್ಲಿ ಶಭಾಸ್ ಎನ್ನುತ್ತಿದ್ದರು.

ಅಷ್ಟರಲ್ಲಿ ಗೇಟಿನ ಹಿಂದೆ ಬಸ್ಸು ಸರಿದ ಸದ್ದಾಯಿತು. ಚಿಲಕ ಕಳಚಿತು. ಮ್ಯಾನೇಜರರು ಎರಡೂ ಕೈ ಮೇಲೆತ್ತಿಕೊಂಡು ಹೊರಬಂದರು. ಒಂದು ಕೈಯಲ್ಲಿ ಹಾಳೆ.

"ನಾನೇ ಎಣಿಸಿದೀನಿ! ಇನ್ನೂರ ಹನ್ನೊಂದು ಜನ! ಇಗೋ, ಬಸ್ ಬಿಡೋ ಆದೇಶ. ಅರವತ್ತು ಪ್ರಯಾಣಿಕರು ಇದ್ರೆ ಸಾಕು ಅಂತ ನಿಯಮ, ನೀವು ಅದರ ಮೂರೂವರೆ ಪಟ್ಟು..." ಎಂದವರು ಸುತ್ತ ನೋಡಿದರು. ಕೈ ನಿಧಾನವಾಗಿ ಕೆಳಗಿಳಿಯಿತು. "ಜನ ಎಲ್ಲಿ?"

"ಟೀ ಕುಡಿಯೋಕೆ ಹೋದ್ರು ಸಾರ್," ಎಂದ ನಗಾರಿ.

"ಯಾರೂ ಅಲ್ಲಾಡಿಲ್ಲ," ಎಂದರು ಸಬ್ ಇನ್ಸ್‌ಪೆಕ್ಟರರು, ಸತ್ಯಕ್ಕೆ ತಲೆಬಾಗಿ.

ಮ್ಯಾನೇಜರರು ಗೊಂದಲದಲ್ಲಿ ಹಾಳೆ ತಿರುವಿದರು. "ನನಗೆ ಜನ ಎಲ್ಲಿದ್ರೆ ಏನು? ಮೇಲಿನವರಿಗೆ ತೋರಿಸೋಕೆ ಒಂದು ಕಾಗದ ಇದ್ರೆ ಸಾಕು. ಗುಮಾಸ್ತರೇ, ನಿಮ್ಮ ಪುಸ್ತಕದ ಈ ಪುಟಕ್ಕೆ ಸಹಿ ಹಾಕಿ. ಇನ್ನೂರ ಹನ್ನೊಂದು ಜನ ಹಾಜರಿದ್ದರು ಅಂತ. ನಾಳೆಯಿಂದ ಬಸ್ ಬಿಡ್ತೀನಿ. ಮುಗೀತು."

ಗುಮಾಸ್ತರು ಪೆನ್ನು ಎತ್ತಿದರು. ಒಂದು ಸಹಿ ಹಾಕಿದರೆ ಹುಡುಗಿ ಗಿರಣಿಯಿಂದ ಎದ್ದು ಬರುತ್ತಾಳೆ. ನಿನ್ನೆಯವರೆಗೂ ಅವರು ದಿನಾ ಹಾಕುತ್ತಿದ್ದ ಸಹಿಯೇ ಅದು. ಪೆನ್ನು ಕಾಗದದ ಮೇಲೆ ಕೂತಿತು, ಚುಕ್ಕೆಯಷ್ಟು ಮಸಿ ಇಳಿಯಿತು, ಅಲ್ಲೇ ನಿಂತಿತು. ನೋಡದೆ ಹಾಕಿದ್ದು ಬೇರೆ. ಈಗ ನೋಡಿಯಾಗಿತ್ತು.

"ಇಲ್ಲಿರೋದು ಮೂವತ್ತೆಂಟೇ ಜನ ಸಾರ್," ಎಂದರು.

"ಅಯ್ಯೋ ಸಾರ್!" ಎಂದು ನಗಾರಿ ತಲೆ ಮೇಲೆ ಕೈ ಹೊತ್ತ.

ಮ್ಯಾನೇಜರರಿಗೆ ಹೋದ ಜೀವ ಬಂತು. ಬಂದ ಜೀವದ ಜೊತೆ ಸಿಟ್ಟೂ ಬಂತು. "ಮೂವತ್ತೆಂಟು? ಮೂವತ್ತೆಂಟಕ್ಕೆ ನಾನು ಒಂದು ಗಂಟೆಯಿಂದ ಬೆವರ್ತಾ ಇದೀನಾ?" ಆದೇಶವನ್ನು ಜೇಬಿಗೆ ತುರುಕಿದರು. "ಅದ್ಸರಿ, ಇಲ್ಲಿ ಬಂದಿರೋರಲ್ಲಿ ಆ ಬಸ್ಸಲ್ಲಿ ಓಡಾಡೋರು ಎಷ್ಟು ಜನ? ಕೈ ಎತ್ತಿ!"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರದೂ ಊರೊಳಗಿನ ಮನೆ. ಒಂದು ಕೈಯೂ ಮೇಲೇಳಲಿಲ್ಲ.

"ನೋಡಿದ್ರಾ?" ಮ್ಯಾನೇಜರರು ಸಬ್ ಇನ್ಸ್‌ಪೆಕ್ಟರರ ಕಡೆ ತಿರುಗಿ ಗೆದ್ದವರಂತೆ ನಕ್ಕರು. "ಬಸ್ ಬೇಕು ಅಂತ ಗಲಾಟೆ! ಬಸ್ ಬೇಕಾದವರಲ್ಲಿ ಒಬ್ಬರು, ಒಬ್ಬರೇ ಒಬ್ಬರೂ ಬಂದಿಲ್ಲ!"

"ಯಾವ ಬಸ್ಸಲ್ಲಿ ಬರಬೇಕಿತ್ತು ಸಾರ್?" ಎಂದರು ಗುಮಾಸ್ತರು.

ಅವರು ಜಾಣತನದಿಂದ ಕೇಳಿದ ಮಾತಲ್ಲ ಅದು. ನಿಜವಾಗಿಯೂ ತಿಳಿಯದೆ ಕೇಳಿದ್ದು. ಮ್ಯಾನೇಜರರು ತಿರುಗಿ ಗೇಟಿನೊಳಗೆ ನಿಂತಿದ್ದ ಬಸ್ಸನ್ನು ನೋಡಿದರು.

ಮೊದಲು ನಕ್ಕವರು ಸಬ್ ಇನ್ಸ್‌ಪೆಕ್ಟರರು. ಹೊಟ್ಟೆ ಹಿಡಿದು ನಕ್ಕರು. "ಹೇಳಿ ಮ್ಯಾನೇಜರೇ! ಯಾವ ಬಸ್ಸು? ಬರ್ಕೊಳ್ತೀನಿ, ಹೇಳಿ!"

ಮ್ಯಾನೇಜರರು ಕೆಂಪಾದರು. "ಒಂದು ದಿನ. ನಾಳೆ ಒಂದೇ ದಿನ ಬಸ್ ಕಳಿಸ್ತೀನಿ. ಅರವತ್ತು ತಲೆ ಬೇಕು. ದನಿ ಅಲ್ಲ, ತಲೆ! ಗುಮಾಸ್ತರೇ ಹತ್ತಿ ಎಣಿಸ್ಕೊಂಡು ಬರಲಿ. ಸುಳ್ಳು ಹೇಳೋಕೆ ಬರದ ಮನುಷ್ಯ ಈ ಊರಲ್ಲಿ ಇವರೊಬ್ಬರೇ."

ಅಂದು ಮಧ್ಯಾಹ್ನ ನಗಾರಿಯೂ ಅವನ ಗೆಳೆಯರೂ ಸೈಕಲ್ಲು ಹತ್ತಿ ಬಸ್ಸಿನ ದಾರಿಯುದ್ದಕ್ಕೂ ಹೋಗಿ ಮನೆ ಮನೆಗೆ ಸುದ್ದಿ ಮುಟ್ಟಿಸಿದರು. ಸಂಜೆ ನಗಾರಿ ಗುಮಾಸ್ತರ ಮನೆಗೆ ಬಂದು, "ಎಲ್ಲರಿಗೂ ಹೇಳಿದೀನಿ ಸಾರ್. ಗಿರಣಿಯವರು ಮಾತ್ರ ನನ್ನ ಮೀಸೆ ನೋಡಿ ಒಳಗೆ ಬಿಡಲಿಲ್ಲ. ನೂರ ನಲವತ್ತೇಳಕ್ಕೆ ಏನ್ ಹೇಳ್ಬೇಕು, ನನಗೆ ಹೇಳು ಅಂದ್ರು. ಹೇಳಿದೆ. ಅವರು ಹೇಳಿದಾರೋ ಇಲ್ವೋ ಗೊತ್ತಿಲ್ಲ," ಎಂದ. ಗುಮಾಸ್ತರು ತಂಗಿಗೆ ಫೋನು ಮಾಡಿದರು; ಯಾರೂ ಎತ್ತಲಿಲ್ಲ.

ಬೆಳಗ್ಗೆ ಖಾಲಿ ಬಸ್ಸಿನಲ್ಲಿ ಅವರು ದಾರಿಯ ತುದಿಗೆ ಹೋಗಿ, ಅಲ್ಲಿಂದ ಹಾಜರಿ ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಹಿಂದಿರುಗಿದರು. ಹತ್ತಿದವರ ಮುಖವನ್ನೆಲ್ಲ ಒಬ್ಬೊಬ್ಬರದಾಗಿ ನೋಡಿದರು.

"ಎಂಬತ್ತೊಂಬತ್ತು ನೀನೇನಮ್ಮಾ? ನಾನು ನಿನ್ನ ಹುಡುಗ ಅಂದ್ಕೊಂಡಿದ್ದೆ."

"ಸಾರ್, ನಿಮ್ಮ ಮುಖ ಹೀಗಿದೆ ಅಂತ ನಮಗೂ ಗೊತ್ತಿರ್ಲಿಲ್ಲ. ಬರೀ ನೆತ್ತಿ ನೋಡಿದ್ವಿ," ಎಂದಳು ಅವಳು. ಬಸ್ಸೆಲ್ಲ ನಕ್ಕಿತು.

ಗಿರಣಿಗೆ ಎರಡು ನಿಲ್ದಾಣ ಇರುವಾಗಲೇ ಕಂಡಕ್ಟರು ಬಂದು ಭುಜ ತಟ್ಟಿದ. "ಅರವತ್ಮೂರು ಆಯ್ತು ಸಾರ್. ಗೆದ್ರಿ. ಪುಸ್ತಕ ಮುಚ್ಚಿ."

"ಇನ್ನೂ ಒಬ್ಬಳಿದಾಳಪ್ಪ," ಎಂದರು ಗುಮಾಸ್ತರು.

ಗಿರಣಿಯ ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಬಸ್ಸು ನಿಂತಿತು. ರಸ್ತೆಯಾಚೆ ಗಿರಣಿಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಯಂತ್ರದ ಗಡಗಡ. ಡ್ರೈವರ್ ಹಿಂದಿರುಗಿ ನೋಡಿದ. ಗುಮಾಸ್ತರು ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಇಪ್ಪತ್ತಾರು ವರ್ಷ ಹಾಲಿನ ಕೊನೆಯ ಬೆಂಚಿಗೆ ಮುಟ್ಟಿಸುತ್ತಿದ್ದ ದನಿಯಲ್ಲಿ ಕೂಗಿದರು. ಯಂತ್ರದ ಸದ್ದು ಅದನ್ನು ನುಂಗಿಹಾಕಿತು.

"ಹಾರನ್ ಹೊಡಿಯಪ್ಪಾ," ಎಂದರು ಡ್ರೈವರಿಗೆ. "ಕೈ ತೆಗೀಬೇಡ."

ಡ್ರೈವರ್ ಹಾರನ್ನಿನ ಮೇಲೆ ಅಂಗೈ ಊರಿದ. ಸುತ್ತಲಿನ ಹಕ್ಕಿಗಳೆಲ್ಲ ಎದ್ದವು. ಎಣಿಸಿ ಹತ್ತು ಆಗುವಷ್ಟರಲ್ಲಿ ಗಿರಣಿಯ ಬಾಗಿಲು ಪೂರ್ತಿ ತೆರೆಯಿತು. ಅದರಿಂದ ತಲೆಯಿಂದ ಕಾಲಿನವರೆಗೆ ಬೆಳ್ಳಗಿದ್ದ ಒಂದು ಆಕಾರ ಹೊರಬಿತ್ತು. ಹುಬ್ಬು ಬಿಳಿ, ರೆಪ್ಪೆ ಬಿಳಿ, ಜಡೆ ಬಿಳಿ. ಬಸ್ಸನ್ನು ಕಂಡು ಒಂದು ಕ್ಷಣ ಅದು ಕಲ್ಲಾಗಿ ನಿಂತಿತು. ಮರುಕ್ಷಣ ಒಳಗೆ ಓಡಿ, ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಓಡಿಬಂದು, ರಸ್ತೆ ದಾಟಿ, ಮೆಟ್ಟಿಲು ಹತ್ತಿತು. ಬಸ್ಸಿನೊಳಗೆ ಹಿಟ್ಟಿನ ಮೋಡವೆದ್ದಿತು. ಮುಂದಿನ ಸಾಲಿನವರೆಲ್ಲ ಸೀನಿದರು.

ಗುಮಾಸ್ತರು ಕನ್ನಡಕ ಒರೆಸಿಕೊಂಡು ನೋಡಿದರು, ಮತ್ತೆ ಒರೆಸಿಕೊಂಡರು. ಗುರುತು ಸಿಗಲಿಲ್ಲ.

"ಯಾರಮ್ಮಾ ನೀನು?"

"ನಾನೇ ಮಾವ," ಎಂದಿತು ಗುಬ್ಬಚ್ಚಿಯ ಕಂಠ. "ಬಸ್ ಬರುತ್ತೆ ಅಂತ ಯಾರೂ ನನಗೆ ಹೇಳೇ ಇಲ್ಲ!"

ಬಸ್ಸು ಹೊರಟಿತು. ಅಷ್ಟರಲ್ಲಿ ಗಿರಣಿಯವನು ಸೊಂಟದ ಮೇಲೆ ಕೈ ಇಟ್ಟುಕೊಂಡು ಬೀದಿಗೆ ಓಡಿ ಬಂದ. ಹಿಂದೆ ಗಿರಣಿಯ ಬಾಗಿಲಲ್ಲಿ ತಂಗಿ ಸೆರಗು ಬಾಯಿಗೊತ್ತಿ ನಿಂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ದೂರಕ್ಕೆ ತಿಳಿಯಲಿಲ್ಲ.

"ಏಯ್! ಭಾವಾ, ನಿಲ್ಸಿ!" ಎಂದು ಅವನು ಬಸ್ಸಿನ ಹಿಂದೆಯೇ ಬೊಬ್ಬೆ ಹಾಕಿದ. "ಕಾಳು ಹಾಕಿಬಿಟ್ಟು ಹೋಗ್ತಿದಾಳೆ! ಹಿಟ್ಟು ಹೊರಗೆ ಚೆಲ್ತಾ ಇದೆ! ಗಿರಣಿ ಯಾರೇ ನಿಲ್ಸೋದು?"

ಹುಡುಗಿ ಗುಮಾಸ್ತರ ಮೇಲಿಂದ ಬಗ್ಗಿ, ಅವರ ಹಾಜರಿ ಪುಸ್ತಕವನ್ನೆಲ್ಲ ಬೆಳ್ಳಗೆ ಮಾಡುತ್ತಾ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು.

"ಬಲಗಡೆ ಕೆಂಪು ಗುಂಡಿ ಅಪ್ಪಾ!" ಎಂದು ಕೂಗಿದಳು. "ಒತ್ತಿ ಹಿಡ್ಕೊಳ್ಳಿ! ಸಂಜೆ ಬಸ್ಸಿಗೆ ಬರ್ತೀನಿ!"